ಕಾಸರಗೋಡಿನ ಕನ್ನಡ ಮಕ್ಕಳ ಸಾಮಾನ್ಯ ಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಕಾಸರಗೋಡು ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಎಲ್‌ಎಸ್‌ಎಸ್, ಯುಎಸ್‌ಎಸ್ (ಕೇರಳದ ಶಾಲಾ ಮಕ್ಕಳ ಸ್ಕಾಲರ್‌ಶಿಪ್) ಪರೀಕ್ಷೆಗೂ ಉಪಜಿಲ್ಲಾ ಮಟ್ಟದ ಕ್ವಿಜ್‌ಗೂ ತಯಾರಾಗುವ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಕೆಲವೊಮ್ಮೆ ಟೀಚರುಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉತ್ತರ ಬಾಯಿಗೆ ಬರುತ್ತಿದ್ದರೂ ಮಕ್ಕಳು ಅಂಕ ಕಳೆದುಕೊಳ್ಳುತ್ತಾರೆ. ಅದು ಯಾವ ರಾಜ್ಯದ್ದು, ಯಾವ ವರ್ಷದ್ದು, ಯಾವ ಅಳತೆಯಲ್ಲಿ ಎಂಬ ಷರತ್ತನ್ನು ಕಲಿಯದೆ ಇರುವುದೇ ಇದಕ್ಕೆ ಮುಖ್ಯ ಕಾರಣ. ಹಾಗಾಗಿ ಉತ್ತರದ ಜೊತೆಗೆ ಅದು ಎಲ್ಲಿಯವರೆಗೆ ಸರಿ ಎಂಬುದನ್ನೂ ಹೇಳಿದ್ದೇವೆ.

## ಎಲ್‌ಪಿ (ಕಿರಿಯ ಪ್ರಾಥಮಿಕ) ಮಕ್ಕಳಿಗೆ

ಗೈಡಿನಲ್ಲಿ ರಾಜ್ಯ ಪಕ್ಷಿ ನೀಲಕಂಠ ಅಂತ ಉಂಟು. ಕ್ವಿಜ್‌ನಲ್ಲಿ ತಪ್ಪು ಅಂದರು. ಯಾಕೆ?

ಗೈಡು ಕರ್ನಾಟಕದ್ದು, ಕ್ವಿಜ್ ಕೇರಳದ್ದು. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಸಿಗುವ ಸಾಮಾನ್ಯ ಜ್ಞಾನದ ಪುಸ್ತಕಗಳು ಹೆಚ್ಚಾಗಿ ಮಂಗಳೂರು, ಬೆಂಗಳೂರು ಕಡೆಯಿಂದ ಬರುತ್ತವೆ. ಅವುಗಳಲ್ಲಿ ‘ನಮ್ಮ ರಾಜ್ಯ’ ಎಂದಿದ್ದರೆ ಅದು ಕರ್ನಾಟಕ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಕಲಿಯಬೇಕು.

ಕರ್ನಾಟಕದ ಪಕ್ಷಿ ನೀಲಕಂಠ, ಮರ ಶ್ರೀಗಂಧ, ಹೂ ತಾವರೆ. ಕೇರಳದ ಪಕ್ಷಿ ದೊಡ್ಡ ಮಂಗಟ್ಟೆ (ಮಲಯಾಳದಲ್ಲಿ ಮಲಮುಳಕ್ಕಿ ವೇಳಾಂಬಲ್), ಮರ ತೆಂಗು, ಹೂ ಕಣಿಕೊನ್ನ, ಅಂದರೆ ವಿಷುವಿಗೆ ಕಣಿ ಇಡುವ ಕಕ್ಕೆ ಹೂ. ಕೇರಳಕ್ಕೆ ರಾಜ್ಯ ಮೀನು ಕರಿಮೀನು. 2018ರಿಂದ ಹಲಸು ರಾಜ್ಯ ಹಣ್ಣು. ಆನೆ ಮಾತ್ರ ಎರಡೂ ರಾಜ್ಯಗಳ ಪ್ರಾಣಿ, ಅಲ್ಲಿ ಗೊಂದಲವಿಲ್ಲ.

ಇದರ ಮುಂದಿನ ಪ್ರಶ್ನೆ ನಮ್ಮ ಜಿಲ್ಲೆಯದ್ದೇ ಆಗಿರಬಹುದು. 2023ರಲ್ಲಿ ಕಾಸರಗೋಡು ತನ್ನದೇ ಮರ, ಹೂ, ಪಕ್ಷಿ, ಜೀವಿಗಳನ್ನು ಘೋಷಿಸಿಕೊಂಡಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ಜಿಲ್ಲೆ ಇದು. ಮರ ಕಾಸರಕ, ಹೂ ಪೆರಿಯ ಪೊಲತ್ತಾಳಿ, ಪಕ್ಷಿ ಬಿಳಿ ಹೊಟ್ಟೆಯ ಕಡಲ ಹದ್ದು, ಜೀವಿ ಕ್ಯಾಂಟರ್‌ನ ದೈತ್ಯ ಮೆದುಚಿಪ್ಪಿನ ಆಮೆ. ಆಮೆ ಚಂದ್ರಗಿರಿ ಹೊಳೆಯಲ್ಲಿ ಇದೆ. ಪೊಲತ್ತಾಳಿಯನ್ನು ಸಸ್ಯವಿಜ್ಞಾನಿಗಳು ಹೊಸ ಪ್ರಭೇದವೆಂದು ಗುರುತಿಸಿದ್ದೇ ಪೆರಿಯದಲ್ಲಿ.

ಕನ್ನಡ ವರ್ಣಮಾಲೆಯಲ್ಲಿ ಅಕ್ಷರ ಇರುವುದು 49 ಆ, 50 ಆ?

ಈಗಿನ ಶಾಲಾ ಲೆಕ್ಕದಲ್ಲಿ 49. ಸ್ವರ 13, ಯೋಗವಾಹ 2 (ಅಂ, ಅಃ), ವ್ಯಂಜನ 34. ವ್ಯಂಜನದಲ್ಲಿ ಕ-ದಿಂದ ಮ-ವರೆಗಿನ ವರ್ಗೀಯ 25, ಯ-ದಿಂದ ಳ-ವರೆಗಿನ ಅವರ್ಗೀಯ 9. ದೀರ್ಘ ‘ೠ’ವನ್ನು ಸೇರಿಸಿದ ಹಳೆಯ ಪುಸ್ತಕಗಳಲ್ಲಿ ಸ್ವರ 14 ಆಗಿ ಮೊತ್ತ 50 ಬರುತ್ತದೆ. ಹಳಗನ್ನಡದ ಱ, ೞ ಈಗ ಬಳಕೆಯಲ್ಲಿಲ್ಲ, ಲೆಕ್ಕಕ್ಕೂ ಇಲ್ಲ. ‘ಎಷ್ಟು ಸ್ವರ?’ ಎಂದಾಗ ಅಂ, ಅಃ ಸೇರಿಸಿ 15 ಎನ್ನುವುದು ಸಾಮಾನ್ಯ ತಪ್ಪು.

ಗೇರುಹಣ್ಣಿನ ಬೀಜ ಮಾತ್ರ ಹೊರಗೆ ಯಾಕೆ ಇರುವುದು?

ನಾವು ಹಣ್ಣು ಎಂದು ತಿನ್ನುವುದು ನಿಜವಾಗಿ ಹಣ್ಣೇ ಅಲ್ಲ. ಹೂವಿನ ತೊಟ್ಟು ಉಬ್ಬಿ ರಸ ತುಂಬಿಕೊಂಡದ್ದು ಅದು. ಸಸ್ಯಶಾಸ್ತ್ರದಲ್ಲಿ ಹುಸಿ ಹಣ್ಣು. ಅದರ ತುದಿಯಲ್ಲಿ ಬೂದು ಬಣ್ಣದಲ್ಲಿ ನೇತಾಡುವುದೇ ನಿಜವಾದ ಹಣ್ಣು, ಒಳಗಿನ ತಿರುಳು ಬೀಜ. ಅಂಗಳದಲ್ಲಿ ಗೇರು ಇದ್ದರೆ ಹೂ ಬಿಟ್ಟಲ್ಲಿಂದ ಗಮನಿಸಿ. ಮೊದಲು ಬೆಳೆಯುವುದು ಬೀಜದ ಭಾಗ, ಹುಸಿ ಹಣ್ಣು ಉಬ್ಬುವುದು ಆಮೇಲೆ.

ಗೇರು ಬ್ರೆಜಿಲ್ ಮೂಲದ ಮರ, ಇಲ್ಲಿಗೆ ತಂದವರು ಪೋರ್ಚುಗೀಸರು. ಹಸಿ ಗೇರುಬೀಜವನ್ನು ಹಲ್ಲಿನಿಂದ ಕಚ್ಚಿ ಒಡೆಯಲೇಬಾರದು. ಸಿಪ್ಪೆಯ ಎಣ್ಣೆ ತುಟಿ, ಚರ್ಮವನ್ನು ಸುಡುತ್ತದೆ, ಗುಳ್ಳೆ ಏಳುತ್ತದೆ. ಸುಟ್ಟು ಅಥವಾ ಹಬೆಯಲ್ಲಿ ಬೇಯಿಸಿ ಒಡೆಯುವುದು ಇದೇ ಕಾರಣಕ್ಕೆ.

ತೆಂಗಿನ ಮರದ ಪ್ರಾಯ ಉಂಗುರ ಎಣಿಸಿ ಹೇಳಬಹುದಾ?

ಆಗುವುದಿಲ್ಲ. ತೇಗ, ಹಲಸಿನ ಕಾಂಡದಂತೆ ತೆಂಗಿನ ಕಾಂಡ ವರ್ಷ ವರ್ಷ ದಪ್ಪವಾಗುವುದಿಲ್ಲ. ಅದು ಏಕದಳ ಸಸ್ಯ; ಅಡಕೆ, ಬಿದಿರು, ಬಾಳೆ, ಭತ್ತದ ಗುಂಪು. ಒಳಗೆ ವಾರ್ಷಿಕ ಉಂಗುರ ಇಲ್ಲ. ಹೊರಗೆ ಕಾಣುವ ಗೆರೆಗಳು ಮಡಲು ಉದುರಿದ ಗುರುತು. ಚೆನ್ನಾಗಿ ಬೆಳೆದ ಮರ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಡಲು ಬಿಡುವುದರಿಂದ ಆ ಗುರುತುಗಳನ್ನು ಎಣಿಸಿ 12ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ, ಬುಡದ ಎಳೆಯ ಕಾಲದ ಕೆಲವು ವರ್ಷಗಳನ್ನು ಬೇರೆಯಾಗಿ ಸೇರಿಸಬೇಕು. ಅಂದಾಜು ಮಾತ್ರ, ನೀರು ಗೊಬ್ಬರ ಕಡಿಮೆಯಾದ ವರ್ಷ ಮಡಲೂ ಕಡಿಮೆ.

ತೆಂಗಿನ ಬಗ್ಗೆ ಕೇಳುವಾಗ ಕಾಸರಗೋಡಿನ ಹೆಸರು ಬಂದೇ ಬರುತ್ತದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು 1970ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ಆಯಿತು. ಅದರ ಮುಖ್ಯ ಕಚೇರಿ ಇರುವುದು ಇಲ್ಲೇ.

ಸಣ್ಣ ಮಗುವಿಗೆ ದೊಡ್ಡವರಿಗಿಂತ ಹೆಚ್ಚು ಮೂಳೆ ಅಂದರೆ ನಂಬುವುದು ಹೇಗೆ?

ಬೆಳೆದವರಿಗೆ 206. ಹುಟ್ಟುವಾಗ ಸುಮಾರು 300. ಮೂಳೆಗಳು ಎಲ್ಲಿಗೂ ಹೋಗುವುದಿಲ್ಲ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆನ್ನಿನ ಕೆಳಗೆ ಐದು ತುಂಡು ಸೇರಿ ಒಂದಾಗುವುದು ಒಂದು ಉದಾಹರಣೆ. ಮಗುವಿನ ನೆತ್ತಿ ಮೆತ್ತಗಿರುವುದೂ ಅಲ್ಲಿನ ಮೂಳೆಗಳು ಇನ್ನೂ ಸೇರದ ಕಾರಣ. ಉದ್ದದ ಮೂಳೆ ತೊಡೆಯದ್ದು, ಚಿಕ್ಕದು ನಡುಗಿವಿಯ ಸ್ಟೇಪಿಸ್, ಸುಮಾರು 3 ಮಿ.ಮೀ.

ಜೊತೆಗೇ ಬರುವ ಪ್ರಶ್ನೆ: ದೇಹದ ದೊಡ್ಡ ಅಂಗ ಯಾವುದು? ‘ಅಂಗ’ ಎಂದಷ್ಟೇ ಕೇಳಿದರೆ ಚರ್ಮ. ‘ಒಳಗಿನ ಅಂಗ’ ಅಥವಾ ‘ಗ್ರಂಥಿ’ ಎಂದರೆ ಯಕೃತ್ತು.

ಸೊನ್ನೆ ಸಮ ಸಂಖ್ಯೆಯಾ? ಒಂದು ಅವಿಭಾಜ್ಯವಾ?

ಸೊನ್ನೆ ಸಮ ಸಂಖ್ಯೆ, ಏಕೆಂದರೆ 2ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಒಂದು ಅವಿಭಾಜ್ಯವಲ್ಲ, ಭಾಜ್ಯವೂ ಅಲ್ಲ. ಅವಿಭಾಜ್ಯ ಸಂಖ್ಯೆಗೆ ಸರಿಯಾಗಿ ಎರಡು ಅಪವರ್ತನ ಬೇಕು, ಒಂದಕ್ಕೆ ಇರುವುದು ಒಂದೇ. ಸಮ ಸಂಖ್ಯೆಗಳಲ್ಲಿ ಅವಿಭಾಜ್ಯ ಒಂದೇ ಒಂದು, ಅದು 2. ‘1ರಿಂದ 10ರ ಒಳಗಿನ ಅವಿಭಾಜ್ಯಗಳ ಮೊತ್ತ’ ಕೇಳಿದರೆ 2+3+5+7, ಅಂದರೆ 17. ಒಂದನ್ನು ಸೇರಿಸಿದವರಿಗೆ 18 ಬರುತ್ತದೆ. ತಪ್ಪು ಎಲ್ಲಿ ಎಂದು ಅದರಿಂದಲೇ ಗೊತ್ತಾಗುತ್ತದೆ.

ಜೇಡ ಕೀಟ ಅಲ್ಲವಾ?

ಅಲ್ಲ. ಕೀಟಕ್ಕೆ ಆರು ಕಾಲು, ದೇಹ ಮೂರು ಭಾಗ. ಜೇಡಕ್ಕೆ ಎಂಟು ಕಾಲು, ದೇಹ ಎರಡು ಭಾಗ, ಚೇಳಿನ ಗುಂಪಿನದ್ದು.

## ಯುಪಿ (ಹಿರಿಯ ಪ್ರಾಥಮಿಕ) ಮಕ್ಕಳಿಗೆ

ಕಾಸರಗೋಡು 1956ಕ್ಕೆ ಮೊದಲು ಮೈಸೂರು ರಾಜ್ಯದಲ್ಲಿತ್ತಾ?

ಇರಲಿಲ್ಲ. ಜಿಲ್ಲೆಯ ಚರಿತ್ರೆಯಲ್ಲಿ ದೊಡ್ಡವರೂ ಹೆಚ್ಚು ಎಡವುವುದು ಇಲ್ಲೇ. ತಾರೀಕುಗಳ ಕ್ರಮ ಹೀಗೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲೇ ಉಳಿಯಿತು. ಕಾಸರಗೋಡು ಆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲಾ ಕೇಂದ್ರ ಮಂಗಳೂರು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆ ಜಾರಿಗೆ ಬಂದಾಗ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಹೋಯಿತು, ಕಾಸರಗೋಡು ತಾಲೂಕು ಕೇರಳಕ್ಕೆ ಬಂತು. ಅಂದರೆ ಮದ್ರಾಸ್ ರಾಜ್ಯದಿಂದ ನೇರ ಕೇರಳಕ್ಕೆ. ಮೊದಲು ಮಲಬಾರ್ ಜಿಲ್ಲೆಯಲ್ಲಿ. 1957ರ ಜನವರಿ 1ರಂದು ಮಲಬಾರ್ ಒಡೆದು ಕಣ್ಣೂರು, ಕೋಝಿಕ್ಕೋಡ್, ಪಾಲಕ್ಕಾಡ್ ಆದಾಗ ಕಣ್ಣೂರಿನಲ್ಲಿ. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು.

1966ರಲ್ಲಿ ನೇಮಕವಾದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ವರದಿ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. ಇನ್ನೊಂದು ಎಚ್ಚರ: 1956ರಲ್ಲಿ ‘ಕರ್ನಾಟಕ’ ಎಂಬ ರಾಜ್ಯದ ಹೆಸರೇ ಇರಲಿಲ್ಲ. ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಎರಡೂ ನವೆಂಬರ್ 1 ಆದ್ದರಿಂದ ವರ್ಷ ಬದಲಾಗಿ ಹೋಗುತ್ತದೆ.

ಬೇಕಲ ಕೋಟೆ ಕಟ್ಟಿಸಿದವರು ಯಾರು ಎಂಬುದಕ್ಕೆ ಟಿಪ್ಪು ಎಂದು ಬರೆಯುವವರಿದ್ದಾರೆ. ಅದು ಕೆಳದಿಯ ಶಿವಪ್ಪ ನಾಯಕನದ್ದು, ಸುಮಾರು 1650ರದ್ದು. ಹೈದರ್, ಟಿಪ್ಪು ಕೈಗೆ ಬಂದದ್ದು ಆಮೇಲೆ.

ಸೂರ್ಯನಿಗೆ ಹತ್ತಿರ ಬುಧ. ಮತ್ತೆ ಶುಕ್ರ ಹೆಚ್ಚು ಬಿಸಿ ಆದದ್ದು ಹೇಗೆ?

ಶುಕ್ರನ ಸುತ್ತ ದಪ್ಪ ವಾತಾವರಣ ಉಂಟು, ಅದರಲ್ಲಿ ಶೇ. 96ರಷ್ಟು ಇಂಗಾಲದ ಡೈಆಕ್ಸೈಡ್. ಒಳಗೆ ಬಂದ ಶಾಖ ಹೊರಗೆ ಹೋಗಲಾರದೆ ನೆಲ ಹಗಲೂ ರಾತ್ರಿಯೂ ಸುಮಾರು 465 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಬುಧನಲ್ಲಿ ವಾತಾವರಣ ಇಲ್ಲವೆನ್ನುವಷ್ಟು ತೆಳು. ಹಗಲು 430 ಡಿಗ್ರಿ ಮುಟ್ಟಿದರೂ ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ ಇಳಿಯುತ್ತದೆ. ‘ಹತ್ತಿರದ ಗ್ರಹ’ ಬುಧ, ‘ಅತಿ ಬಿಸಿಯ ಗ್ರಹ’ ಶುಕ್ರ. ಪ್ರಶ್ನೆ ಪೂರ್ತಿ ಓದುವ ಮೊದಲೇ ಕೈ ಎತ್ತಬೇಡಿ.

2019ರಲ್ಲಿ ಚೆರುವತ್ತೂರಿನಲ್ಲಿ ಸೂರ್ಯ ಬಳೆಯ ಹಾಗೆ ಕಂಡದ್ದು ಯಾಕೆ? ಪ್ರತಿ ಅಮಾವಾಸ್ಯೆಗೆ ಗ್ರಹಣ ಯಾಕೆ ಇಲ್ಲ?

2019ರ ಡಿಸೆಂಬರ್ 26ರದ್ದು ಕಂಕಣ ಸೂರ್ಯಗ್ರಹಣ. ದೇಶದಲ್ಲಿ ಅದು ಚೆನ್ನಾಗಿ ಕಂಡ ಜಾಗಗಳಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರು ಒಂದು. ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಚಂದ್ರ ಸೂರ್ಯನ ನಡುವಿಗೆ ಸರಿಯಾಗಿ ಬಂತು, ಆದರೆ ಪೂರ್ತಿ ಮುಚ್ಚಲಿಲ್ಲ, ಅಂಚು ಉರಿಯುವ ಬಳೆಯಾಗಿ ಉಳಿಯಿತು.

ಸೂರ್ಯನ ಅಡ್ಡಳತೆ ಚಂದ್ರನದರ ಸುಮಾರು 400 ಪಟ್ಟು, ದೂರವೂ ಸುಮಾರು 400 ಪಟ್ಟು. ಹಾಗಾಗಿ ಆಕಾಶದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುತ್ತವೆ. ಚಂದ್ರನ ದೂರ ಮಾತ್ರ ಒಂದೇ ಸಮ ಇರುವುದಿಲ್ಲ. ಸುಮಾರು 3,56,000ದಿಂದ 4,06,000 ಕಿ.ಮೀ. ನಡುವೆ ಬದಲಾಗುತ್ತದೆ. ಹತ್ತಿರ ಇರುವಾಗ ಅಡ್ಡ ಬಂದರೆ ಪೂರ್ಣ ಗ್ರಹಣ, ದೂರ ಇರುವಾಗ ಬಂದರೆ ಕಂಕಣ.

ಪ್ರತಿ ಅಮಾವಾಸ್ಯೆಗೆ ಗ್ರಹಣ ಇಲ್ಲದಿರುವುದು ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ. ಹೆಚ್ಚಿನ ಅಮಾವಾಸ್ಯೆಗಳಲ್ಲಿ ಚಂದ್ರನ ನೆರಳು ಭೂಮಿಯ ಮೇಲಿನಿಂದಲೋ ಕೆಳಗಿನಿಂದಲೋ ಹಾದುಹೋಗುತ್ತದೆ. ಗ್ರಹಣ ನೋಡಲು ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ಬಕೆಟಿನ ನೀರು ಯಾವುದೂ ಸುರಕ್ಷಿತವಲ್ಲ. ಗ್ರಹಣ ನೋಡಲೆಂದೇ ಮಾಡಿದ ಕನ್ನಡಕ ಬೇಕು. ಇಲ್ಲದಿದ್ದರೆ ಕಾರ್ಡ್‌ಬೋರ್ಡಿಗೆ ಸೂಜಿಯಷ್ಟು ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಗೋಡೆಯ ಮೇಲೆ ಬೀಳುವ ಬಿಂಬ ನೋಡಬೇಕು. ಆ ತೂತಿನ ಮೂಲಕ ಸೂರ್ಯನನ್ನು ನೋಡಬಾರದು.

‘100 ಮಿಲ್ಲಿಮೀಟರ್ ಮಳೆ’ ಅಂದರೆ ಎಷ್ಟು ನೀರು?

ಬಿದ್ದ ನೀರು ಇಂಗದೆ, ಹರಿಯದೆ, ಆವಿಯಾಗದೆ ನಿಂತಿದ್ದರೆ 100 ಮಿ.ಮೀ. ಎತ್ತರಕ್ಕೆ ನಿಲ್ಲುತ್ತಿತ್ತು ಎಂದು ಅರ್ಥ. ನೆನಪಿಡಬೇಕಾದ ಸೂತ್ರ ಒಂದೇ: 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. 100 ಚದರ ಮೀಟರಿನ ತಾರಸಿಗೆ 100 ಮಿ.ಮೀ. ಬಿದ್ದರೆ 10,000 ಲೀಟರ್. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬರುತ್ತದೆ. ಅಂದರೆ ಅದೇ ತಾರಸಿಯ ಮೇಲೆ 3 ಲಕ್ಷ ಲೀಟರಿಗೂ ಹೆಚ್ಚು.

ಮನೆಯಲ್ಲೇ ಅಳೆಯಲು ಬಾಯಿಯಿಂದ ಬುಡದವರೆಗೆ ಒಂದೇ ಅಗಲದ, ಚಪ್ಪಟೆ ತಳದ ಡಬ್ಬಿ ಬೇಕು. ಮಾಡು, ಮರದ ಹನಿ ಬೀಳದ ಬಯಲಿನಲ್ಲಿ ಇಟ್ಟು, ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ನೀರಿನ ಎತ್ತರ ಅಳೆಯಿರಿ. ಹವಾಮಾನ ಇಲಾಖೆಯೂ ಆ ಹೊತ್ತಿಗೇ ಹಿಂದಿನ 24 ಗಂಟೆಯ ಲೆಕ್ಕ ತೆಗೆಯುವುದು. ಶಾಲಾ ಮೇಳಗಳಲ್ಲಿ ಈ ಮಾದರಿ ಕೆಡುವುದು ಎರಡು ಕಡೆ. ತಂಪು ಪಾನೀಯದ ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಸೊನ್ನೆಯ ಗೆರೆ ತಪ್ಪುತ್ತದೆ. ಗೆರೆಯವರೆಗೆ ಮೊದಲೇ ನೀರು ತುಂಬಿಸಿ ಅಲ್ಲಿಂದ ಎಣಿಸಬೇಕು. ಇನ್ನು, ಬಾಯಿ ಅಗಲ, ಬುಡ ಸಪೂರ ಇರುವ ಪಾತ್ರೆ ಮಳೆಯನ್ನು ಹೆಚ್ಚು ತೋರಿಸುತ್ತದೆ.

ಸುರಂಗ ಅಂದರೆ ರೈಲು ಹೋಗುವುದಲ್ಲವಾ? ಬಾವಿಗೂ ಯಾಕೆ ಹಾಗೆ ಹೇಳುವುದು?

ಬಾಯಾರು, ಎಣ್ಮಕಜೆ, ಬದಿಯಡ್ಕ ಕಡೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ, ಪೇಟೆಯ ಮಕ್ಕಳಿಗೆ ಬೇಕು. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ನೀರಿನ ದಾರಿ ಅದು. ಒಬ್ಬ ಮನುಷ್ಯ ನಿಂತು ಪಿಕಾಸಿ ಬೀಸುವಷ್ಟು ಅಗಲ, ಎತ್ತರ. ಗುಡ್ಡದೊಳಗೆ ಇಂಗಿದ ಮಳೆನೀರು ಗೋಡೆಯಿಂದ ಒಸರುತ್ತದೆ. ನೆಲವನ್ನು ಬಾಯಿಯ ಕಡೆಗೆ ಸ್ವಲ್ಪ ಇಳಿಜಾರು ಬಿಟ್ಟಿರುವುದರಿಂದ ನೀರು ತಾನಾಗಿ ಹೊರಗೆ ಹರಿದು ಮಣ್ಣಿನ ಅಥವಾ ಸಿಮೆಂಟಿನ ಟ್ಯಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ.

ಮುರಕಲ್ಲೇ ಯಾಕೆ? ಕೊರೆಯಲು ಸಾಕಷ್ಟು ಮೆದು, ಆಧಾರ ಕೊಡದೆಯೂ ನಿಲ್ಲುವಷ್ಟು ಗಟ್ಟಿ, ನೀರು ಇಂಗುವ ತೂತುಗಳೂ ಉಂಟು. ಮೆದು ಮಣ್ಣಿನ ಪದರ ಸಿಕ್ಕಿದಲ್ಲಿ ಸುರಂಗ ಕುಸಿಯುತ್ತದೆ. ಒಳಗೆ ಹೋದಂತೆ ಗಾಳಿ ಕಡಿಮೆ; ತೋಡುವವರು ಮೇಣದ ಬತ್ತಿ ಉರಿಸಿಕೊಂಡೇ ಹೋಗುತ್ತಾರೆ, ಬತ್ತಿ ನಂದಿದರೆ ಕೂಡಲೇ ಹೊರಗೆ ಬರುತ್ತಾರೆ. ಮಕ್ಕಳು ಹಳೆಯ ಸುರಂಗದೊಳಗೆ ಒಬ್ಬರೇ ಹೋಗಲೇಬಾರದು. ಇಂಥದೇ ವ್ಯವಸ್ಥೆ ಇರಾನಿನಲ್ಲಿ ಇದೆ, ಹೆಸರು ಕನಾತ್. ಕ್ವಿಜ್‌ನಲ್ಲಿ ಜೋಡಿಸಿ ಕೇಳುತ್ತಾರೆ. ಮುರಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ. ಅವನು ಅದನ್ನು ಗುರುತಿಸಿದ್ದು ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರದಲ್ಲಿ.

ಉದ್ದದ ಹೊಳೆ, ಎತ್ತರದ ಬೆಟ್ಟ: ಯಾವುದಕ್ಕೆ ಯಾವ ಉತ್ತರ?

ಕೇರಳದ ಹೊಳೆಗಳು 44. ಪಶ್ಚಿಮಕ್ಕೆ 41, ಪೂರ್ವಕ್ಕೆ ಮೂರು: ಕಬಿನಿ, ಭವಾನಿ, ಪಾಂಬಾರ್. ಉದ್ದದ್ದು ಪೆರಿಯಾರ್, 244 ಕಿ.ಮೀ. ಎಲ್ಲಕ್ಕಿಂತ ಚಿಕ್ಕದು ನಮ್ಮ ಮಂಜೇಶ್ವರ ಹೊಳೆ, 16 ಕಿ.ಮೀ. ಜಿಲ್ಲೆಯೊಳಗೆ ಉದ್ದದ್ದು ಚಂದ್ರಗಿರಿ, ಅದು ಕೊಡಗಿನ ಬೆಟ್ಟಗಳಲ್ಲಿ ಹುಟ್ಟುತ್ತದೆ.

ಬೆಟ್ಟ: ಕರ್ನಾಟಕಕ್ಕೆ ಮುಳ್ಳಯ್ಯನಗಿರಿ, ಕೇರಳಕ್ಕೂ ಇಡೀ ದಕ್ಷಿಣ ಭಾರತಕ್ಕೂ ಆನಮುಡಿ (2695 ಮೀ.), ನೀಲಗಿರಿಗೆ ದೊಡ್ಡಬೆಟ್ಟ (2637 ಮೀ.). ದಕ್ಷಿಣ ಭಾರತಕ್ಕೆ ದೊಡ್ಡಬೆಟ್ಟ ಎಂದು ಬರೆಯುವುದು ತಪ್ಪು.

ಮೊದಲ ರಾಷ್ಟ್ರಕವಿ ಕುವೆಂಪು ಅಲ್ಲವಾ?

ಕನ್ನಡದ ಮೊದಲ ರಾಷ್ಟ್ರಕವಿ ಮಂಜೇಶ್ವರದ ಗೋವಿಂದ ಪೈ. 1949ರಲ್ಲಿ ಆ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ, ಯಾಕೆಂದರೆ ಮಂಜೇಶ್ವರ ಆಗ ಮದ್ರಾಸ್‌ನಲ್ಲಿತ್ತು. ಕುವೆಂಪು ಅವರಿಗೆ 1964ರಲ್ಲಿ, ಜಿ. ಎಸ್. ಶಿವರುದ್ರಪ್ಪ ಅವರಿಗೆ 2006ರಲ್ಲಿ. ಕುವೆಂಪು ಮೊದಲಿಗರಾದದ್ದು ಜ್ಞಾನಪೀಠದಲ್ಲಿ: ಕನ್ನಡಕ್ಕೆ ಮೊದಲ ಜ್ಞಾನಪೀಠ, 1967. ಈ ಎರಡು ‘ಮೊದಲು’ಗಳು ಕಲಸಿಹೋಗುವುದರಿಂದಲೇ ತಪ್ಪು ಬರುತ್ತದೆ. ಕವಿ ಕಯ್ಯಾರ ಕಿಞ್ಞಣ್ಣ ರೈ ಹುಟ್ಟಿದ್ದು 1915ರಲ್ಲಿ, ನೂರು ತುಂಬಿಸಿ 2015ರಲ್ಲಿ ತೀರಿಕೊಂಡರು. ಹೆಸರಿನಲ್ಲಿ ‘ಞ್ಞ’ ಬರೆಯಲು ಅಭ್ಯಾಸ ಮಾಡಿಕೊಳ್ಳಿ, ಲಿಖಿತ ಸುತ್ತಿನಲ್ಲಿ ಬೇಕಾಗುತ್ತದೆ.

## ಇನ್ನೂ ಮುಂದೆ ಹೋಗುವವರಿಗೆ

ಕ್ವಿಜ್ ಮಾಸ್ಟರ್ ಮಲಯಾಳದಲ್ಲಿ ಕೇಳಿದರೆ ಮಗು ಏನು ಮಾಡಬೇಕು?

ಮೊದಲಿಗೆ, ಪ್ರಶ್ನೆಯನ್ನು ಕನ್ನಡದಲ್ಲೂ ಹೇಳಿ ಎಂದು ಕೇಳಲು ಮಗು ನಾಚಬಾರದು, ಟೀಚರ್ ಮೊದಲೇ ಸಂಘಟಕರಲ್ಲಿ ಮಾತಾಡಿರಬೇಕು. ಆದರೂ ಜಿಲ್ಲಾ ಮಟ್ಟಕ್ಕೆ ಹೋದಾಗ ಕೆಲವು ಪದ ಗೊತ್ತಿರಲೇಬೇಕು. ಹೆಚ್ಚಿನ ಸಂಸ್ಕೃತ ಪದಗಳು ಒಂದೇ: ಸಸ್ತನಿ, ಶ್ವಾಸಕೋಶ, ಹೃದಯ. ಅಪಾಯ ಇರುವುದು ಒಂದೇ ರೀತಿ ಕೇಳಿ ಬೇರೆ ಅರ್ಥ ಕೊಡುವ ಪದಗಳಲ್ಲಿ. ಮಲಯಾಳದ ‘ಕರಳ್’ ಯಕೃತ್ತು. ನಮ್ಮ ಕರುಳಿಗೆ ಅವರು ಹೇಳುವುದು ‘ಕುಡಲ್’. ದೊಡ್ಡ ಗ್ರಂಥಿ ಯಾವುದು ಎಂಬ ಪ್ರಶ್ನೆಯ ಉತ್ತರ ಗೊತ್ತಿದ್ದವರೂ ಇಲ್ಲಿ ಸೋತಿದ್ದಾರೆ. ಗ್ರಹಗಳಲ್ಲಿ ಮಂಗಳ ‘ಚೊವ್ವ’, ಗುರು ‘ವ್ಯಾಳಂ’. ಗಣಿತದಲ್ಲಿ ಸಮ ‘ಇರಟ್ಟ’, ಬೆಸ ‘ಒಟ್ಟ’, ಅವಿಭಾಜ್ಯ ‘ಅಭಾಜ್ಯ’. ದ್ಯುತಿಸಂಶ್ಲೇಷಣೆ ಅವರಿಗೆ ‘ಪ್ರಕಾಶಸಂಶ್ಲೇಷಣಂ’.

ಹಿಂದಿ ನಮ್ಮ ರಾಷ್ಟ್ರಭಾಷೆ ತಾನೇ? ತುಳುವಿಗೆ ಸಂವಿಧಾನದಲ್ಲಿ ಜಾಗ ಉಂಟಾ?

ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದು ಹೇಳಿಲ್ಲ. 343ನೇ ವಿಧಿ ಹೇಳುವುದು ಒಕ್ಕೂಟದ ಆಡಳಿತ ಭಾಷೆಯ ಬಗ್ಗೆ: ದೇವನಾಗರಿ ಲಿಪಿಯ ಹಿಂದಿ. ಜೊತೆಗೆ ಇಂಗ್ಲಿಷ್ ಬಳಕೆ ಮುಂದುವರಿದಿದೆ.

ಎಂಟನೇ ಅನುಸೂಚಿಯಲ್ಲಿ ಈಗ 22 ಭಾಷೆ. ಶುರುವಿಗೆ 14 ಇತ್ತು. 1967ರಲ್ಲಿ ಸಿಂಧಿ, 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ, 2003ರಲ್ಲಿ ಬೋಡೋ, ಡೋಗ್ರಿ, ಮೈಥಿಲಿ, ಸಂತಾಲಿ ಸೇರಿದವು. ಸಪ್ತಭಾಷೆಯ ನಾಡೆನ್ನುವ ಕಾಸರಗೋಡಿನ ಮಾತುಗಳಲ್ಲಿ ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಉರ್ದು ಅನುಸೂಚಿಯಲ್ಲಿವೆ. ತುಳು, ಬ್ಯಾರಿ ಇಲ್ಲ. ಶಾಸ್ತ್ರೀಯ ಭಾಷೆಯ ಪಟ್ಟಿ ಬೇರೆಯೇ: ಕನ್ನಡಕ್ಕೆ 2008, ಮಲಯಾಳಕ್ಕೆ 2013.

ನಮ್ಮ ಮಕ್ಕಳು ತಪ್ಪದೆ ತಿಳಿದಿರಬೇಕಾದ ವಿಧಿ 350ಎ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕು ಎನ್ನುತ್ತದೆ ಅದು. 1956ರ ಏಳನೇ ತಿದ್ದುಪಡಿಯಿಂದ ಬಂದದ್ದು.

ಹೋದ ವರ್ಷ ಸರಿಯಾದ ಉತ್ತರ ಈ ವರ್ಷ ತಪ್ಪು ಆಗುವುದು ಹೇಗೆ?

ಕೆಲವು ಉತ್ತರಗಳಿಗೆ ತಾರೀಕು ಉಂಟು. ಶನಿಗ್ರಹದ ಉಪಗ್ರಹಗಳು 2023ರಲ್ಲಿ 146 ಎಂದಿದ್ದದ್ದು 2025ರ ಮಾರ್ಚ್‌ನಲ್ಲಿ 274 ಆಯಿತು. ಎವರೆಸ್ಟ್ 2020ರಿಂದ 8848.86 ಮೀ.; ಗೈಡುಗಳಲ್ಲಿ 8848 ಇನ್ನೂ ಇದೆ. ಪ್ಲೂಟೋ 2006ರ ಆಗಸ್ಟ್‌ನಲ್ಲಿ ಗ್ರಹಗಳ ಸಾಲಿನಿಂದ ಹೊರಬಿತ್ತು. ರಾಜ್ಯ 28, ಕೇಂದ್ರಾಡಳಿತ ಪ್ರದೇಶ 8 ಎಂಬುದು 2020ರ ಜನವರಿ 26ರಿಂದ ಸರಿ.

ನೋಟ್ ಪುಸ್ತಕದಲ್ಲಿ ನಾಲ್ಕು ಕಾಲಂ ಎಳೆಯಿರಿ: ಪ್ರಶ್ನೆ, ಉತ್ತರ, ಷರತ್ತು (ಎಲ್ಲಿ, ಯಾವಾಗ, ಯಾವ ಅಳತೆ), ಬರೆದ ತಾರೀಕು. ಸಂಖ್ಯೆ ಬದಲಾಗುವ ಸಾಲುಗಳಿಗೆ ಪೆನ್ಸಿಲ್ ಬಳಸಿ. ಹುದ್ದೆಯಲ್ಲಿರುವವರ ಹೆಸರು, ಕ್ರೀಡಾ ದಾಖಲೆ, ಉಪಗ್ರಹದ ಲೆಕ್ಕ ಇವನ್ನು ಸ್ಪರ್ಧೆಯ ಹಿಂದಿನ ವಾರ ಮತ್ತೊಮ್ಮೆ ಪತ್ರಿಕೆಯಲ್ಲಿ ನೋಡಿ ತಿದ್ದಬೇಕು. ಶತಮಾನದ ಹಿಂದಿನ ತಾರೀಕಿಗೆ ಆ ಶ್ರಮ ಬೇಡ.

ಮಿಲಿಯನ್ ಅಂದರೆ ಎಷ್ಟು ಲಕ್ಷ?

ಹತ್ತು ಲಕ್ಷ. ಬಿಲಿಯನ್ 100 ಕೋಟಿ. ಸೂರ್ಯನ ದೂರ 150 ಮಿಲಿಯನ್ ಕಿ.ಮೀ. ಎಂದರೆ 15 ಕೋಟಿ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುವುದರಿಂದ 15 ಕೋಟಿಯನ್ನು 3 ಲಕ್ಷದಿಂದ ಭಾಗಿಸಿ: 500 ಸೆಕೆಂಡ್, ಅಂದರೆ 8 ನಿಮಿಷ 20 ಸೆಕೆಂಡ್. ಬಾಯಿಪಾಠ ಬೇಡ, ಮರೆತರೂ ಲೆಕ್ಕ ಹಾಕಬಹುದು.

ತಾರೀಕು ಹೇಳಿದರೆ ವಾರ ಹೇಳುವ ಮಕ್ಕಳಿದ್ದಾರೆ. ಹೇಗೆ?

ಸೂತ್ರ ಇದೆ. ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದು ಅಂಕಿ: 1 4 4, 0 2 5, 0 3 6, 1 4 6. ಮೂರು ಮೂರಾಗಿ ಓದಿದರೆ 144, 25, 36, 146; ಮೊದಲ ಮೂರು ಕ್ರಮವಾಗಿ 12, 5, 6ರ ವರ್ಗ, ಕೊನೆಯದು 144ಕ್ಕೆ 2 ಸೇರಿಸಿದ್ದು. ಹಾಗಾಗಿ ನೆನಪಿಡುವುದು ಕಷ್ಟವಿಲ್ಲ.

ವರ್ಷದ ಕೊನೆಯ ಎರಡು ಅಂಕಿ, ಅದನ್ನು 4ರಿಂದ ಭಾಗಿಸಿದ ಭಾಗಲಬ್ಧ, ತಿಂಗಳ ಅಂಕಿ, ತಾರೀಕು ನಾಲ್ಕನ್ನೂ ಕೂಡಿಸಿ. 7ರಿಂದ ಭಾಗಿಸಿ ಶೇಷ ನೋಡಿ. 1 ಭಾನುವಾರ, 2 ಸೋಮವಾರ, ಹೀಗೆ 6 ಶುಕ್ರವಾರ, 0 ಶನಿವಾರ. 1947ರ ಆಗಸ್ಟ್ 15: 47+11+3+15 = 76, ಶೇಷ 6, ಶುಕ್ರವಾರ. 1956ರ ನವೆಂಬರ್ 1: 56+14+4+1 = 75, ಶೇಷ 5, ಗುರುವಾರ.

ಇದು 1900ರಿಂದ 1999ರವರೆಗೆ. 2000ದಿಂದ ಈಚೆಗೆ ಮೊತ್ತದಿಂದ 1 ಕಳೆಯಬೇಕು. ಅಧಿಕ ವರ್ಷದ ಜನವರಿ, ಫೆಬ್ರವರಿ ಆಗಿದ್ದರೆ ಇನ್ನೊಂದು ಕಳೆಯಬೇಕು. ಮಕ್ಕಳು ತಪ್ಪುವುದು ಹೆಚ್ಚಾಗಿ ಇಲ್ಲಿ. 4ರಿಂದ ಭಾಗವಾಗುವ ವರ್ಷ ಅಧಿಕ ವರ್ಷ, ಆದರೆ ಶತಮಾನದ ವರ್ಷ 400ರಿಂದ ಭಾಗವಾಗಬೇಕು. 2000 ಅಧಿಕ ವರ್ಷ, 1900 ಅಲ್ಲ, 2100 ಕೂಡ ಅಲ್ಲ.

6174ರ ವಿಶೇಷ ಏನು?

ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಅಧ್ಯಾಪಕರಾಗಿದ್ದ ಡಿ. ಆರ್. ಕಾಪ್ರೇಕರ್ 1949ರಲ್ಲಿ ಲೋಕಕ್ಕೆ ತಿಳಿಸಿದ ಸಂಖ್ಯೆ ಇದು. ಯಾವುದೇ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ. ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ಹೆಚ್ಚೆಂದರೆ ಏಳು ಸಲದೊಳಗೆ 6174 ಬರುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ.

ಕಾಸರಗೋಡು ಕೇರಳಕ್ಕೆ ಸೇರಿದ ವರ್ಷದಿಂದ ಶುರು ಮಾಡಿ: 9651−1569 = 8082. 8820−0288 = 8532. 8532−2358 = 6174. ಮೂರೇ ಸಲ. ಜಿಲ್ಲೆಯಾದ 1984ಕ್ಕೆ ಎರಡೇ ಸಲ ಸಾಕು.

ಮಕ್ಕಳ ಲೆಕ್ಕ ಕೆಡುವುದು ಸೊನ್ನೆ ಬಿಟ್ಟಾಗ. 2111 ತೆಗೆದುಕೊಂಡರೆ 2111−1112 = 999; ಇದನ್ನು 0999 ಎಂದು ನಾಲ್ಕಂಕಿಯಾಗಿ ಇಟ್ಟು 9990−0999 ಮಾಡಬೇಕು, ಇಲ್ಲದಿದ್ದರೆ ಮುಂದಿನ ಸಲ ಸೊನ್ನೆ ಬಂದು ಲೆಕ್ಕ ಮುಗಿಯುತ್ತದೆ. 1111, 7777 ಹೀಗೆ ನಾಲ್ಕೂ ಅಂಕಿ ಒಂದೇ ಆಗಿದ್ದರೆ ನಿಯಮ ನಡೆಯುವುದಿಲ್ಲ, ಒಂದಾದರೂ ಅಂಕಿ ಬೇರೆ ಇರಬೇಕು. ಮೂರಂಕಿ ಸಂಖ್ಯೆಗಳಿಗೂ ಇಂಥ ನಿಲ್ದಾಣ ಉಂಟು: 495.